ಹಾರ್ಮೋನ್ ಮಾತ್ರೆ: ಹೆದರಬೇಡಿ, ಎಚ್ಚರ ತಪ್ಪಬೇಡಿ

ತಾಯಂದಿರೇ,

ಮುಟ್ಟು ಕ್ರಮ ತಪ್ಪಿದ, ರಕ್ತಸ್ರಾವ ಹೆಚ್ಚಾದ ಹುಡುಗಿಯರಿಗೆ ವೈದ್ಯರು ಹಾರ್ಮೋನ್ ಮಾತ್ರೆ ಕೊಡುತ್ತಾರೆ. ಇದರಿಂದ ಬಂಜೆತನ ಬರುವುದಿಲ್ಲ. ಆ ಭಯ ಬೇಡ. ಪ್ರೊಜೆಸ್ಟಿನ್ ಮಾತ್ರವೇ ಇರುವ ಕೆಲವು ಔಷಧಿಗಳಿಂದ ಅಂಡಾಶಯದಲ್ಲಿ ನೀರುಗುಳ್ಳೆ ಬರಬಹುದು. ಸಾಮಾನ್ಯವಾಗಿ ಅದು ಕೆಲವು ವಾರಗಳಲ್ಲಿ ತಾನೇ ಕರಗುತ್ತದೆ. ಗುಳ್ಳೆ ದೊಡ್ಡದಾದರೆ, ಅಪರೂಪಕ್ಕೆ, ಅಂಡಾಶಯ ತಿರುಚಿಕೊಂಡು ಅದರ ರಕ್ತಸಂಚಾರ ನಿಲ್ಲುತ್ತದೆ.

ಕಿಬ್ಬೊಟ್ಟೆಯ ಒಂದು ಬದಿ ಹಠಾತ್ತನೆ ತೀವ್ರ ನೋವು, ಜೊತೆಗೆ ವಾಂತಿ: ಇದೇ ಗುರುತು. “ಮುಟ್ಟಿನ ನೋವು, ಬೆಳಗಾಗಲಿ” ಎಂದು ಕಾಯಬೇಡಿ. ಸಿರುಗುಪ್ಪ, ಕುರುಗೋಡು ಕಡೆಯವರು ಕೂಡಲೇ 108ಕ್ಕೆ ಕರೆಮಾಡಿ. ಸ್ಕ್ಯಾನಿಂಗ್, ಶಸ್ತ್ರಚಿಕಿತ್ಸೆ ಎರಡೂ ಇರುವ ಬಳ್ಳಾರಿಯ ಆಸ್ಪತ್ರೆಗೆ ಕರೆತನ್ನಿ. ಮಾತ್ರೆಯ ಚೀಟಿಯೂ ಇರಲಿ. ಕೆಲವೇ ಗಂಟೆಗಳಲ್ಲಿ ತಿರುಚು ಬಿಡಿಸಿದರೆ ಅಂಡಾಶಯವನ್ನು ಉಳಿಸಿಕೊಳ್ಳಬಹುದು.

ದೊಡ್ಡಬಸವೇಶ್ವರ ಜಾತ್ರೆಗೆಂದು ಮುಟ್ಟು ಮುಂದೂಡುವ ಮಾತ್ರೆಯನ್ನೂ ವೈದ್ಯರನ್ನು ಕೇಳದೆ ಮಗಳಿಗೆ ಕೊಡಬೇಡಿ.