ಜೀವಕೋಶದ ಎರಡು ಬಗೆಯ ಸಾವು

ಗರ್ಭಸ್ಥ ಶಿಶುವಿನ ಕೈ ಮೊದಲು ದೋಣಿಯ ಹುಟ್ಟಿನಂತೆ ಚಪ್ಪಟೆಯಾಗಿದ್ದು, ಬೆರಳುಗಳ ನಡುವಿನ ಜೀವಕೋಶಗಳು ತಾವಾಗಿಯೇ ಅಳಿದ ಮೇಲೆ ಐದು ಬೆರಳುಗಳು ಬಿಡಿಬಿಡಿಯಾಗಿ ಮೂಡುತ್ತವೆ. ಅಪೊಪ್ಟೋಸಿಸ್ ಎನ್ನಲಾಗುವ ಈ ನಿಯೋಜಿತ ಸಾವಿನಲ್ಲಿ, ಕ್ಯಾಸ್ಪೇಸ್ ಎಂಬ ಕಿಣ್ವಗಳು ಪ್ರೋಟೀನುಗಳನ್ನು ತುಂಡರಿಸುತ್ತ ಕೋಶವನ್ನು ಒಳಗಿನಿಂದಲೇ ಕಳಚುತ್ತವೆ. ಪೊರೆ ಹೊದ್ದ ಚೂರುಗಳನ್ನು ಭಕ್ಷಕ ಕೋಶಗಳು ನುಂಗಿ ಅರಗಿಸಿಕೊಳ್ಳುವುದರಿಂದ ಸುತ್ತಲಿನ ಅಂಗಾಂಶಕ್ಕೆ ನೋವಾಗುವುದಿಲ್ಲ. ಮಿಲಿಮೀಟರ್ ಉದ್ದದ ಸಿ. ಎಲೆಗನ್ಸ್ ಎಂಬ ದುಂಡುಹುಳುವಿನ ಬೆಳವಣಿಗೆಯಲ್ಲಿ ಹುಟ್ಟುವ 1,090 ದೇಹಕೋಶಗಳ ಪೈಕಿ 131 ಹೀಗೆಯೇ ಸಾಯುತ್ತವೆ ಎಂಬ ನಿಖರತೆ ನಿಜಕ್ಕೂ ವಿಸ್ಮಯಕರವಾದುದು. ಈ ಅಧ್ಯಯನಕ್ಕಾಗಿಯೇ ವಿಜ್ಞಾನಿಗಳಾದ ಬ್ರೆನ್ನರ್, ಹಾರ್ವಿಟ್ಸ್ ಮತ್ತು ಸಲ್ಸ್ಟನ್ ಅವರಿಗೆ 2002ರ ನೊಬೆಲ್ ಸಂದಿತು. ಸುಟ್ಟಗಾಯದಲ್ಲಿ, ಅಥವಾ ರಕ್ತ ತಲುಪದ ಹೃದಯದ ಸ್ನಾಯುವಿನಲ್ಲಿ ಸಂಭವಿಸುವ ನೆಕ್ರೋಸಿಸ್ ಎಂಬ ಅನಿಯಂತ್ರಿತ ಸಾವಿನಲ್ಲಾದರೋ ಕೋಶವು ಊದಿ ಒಡೆದು, ಅದರ ಒಳದ್ರವ್ಯವೆಲ್ಲ ಹೊರಚೆಲ್ಲಿ, ನೆರೆಯಲ್ಲಿ ಉರಿಯೂತವೇಳುತ್ತದೆ.