ಒಂಟೆ ಕಟ್ಟುವುದೂ ತವಕ್ಕುಲ್‌ನ ಭಾಗ
(ಜುಮಾ ಬಯಾನ್‌ನ ಸಾರಾಂಶ)

 



2019ರ ಆಗಸ್ಟ್ ತಿಂಗಳ ಮಳೆಯನ್ನು ನಾವ್ಯಾರೂ ಮರೆತಿಲ್ಲ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಖಾನಾಪುರದಲ್ಲಿ ಉಕ್ಕಿ ಹರಿಯಿತು. ಬೆಳಗಾವಿಯ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿತು. ಪೂರ್ತಿ ಬಿದ್ದ ಮನೆಗೆ ಸರಕಾರ 5 ಲಕ್ಷ ರೂಪಾಯಿ ಘೋಷಿಸಿತು. ನಾವೂ ನಮಾಝಿನ ನಂತರ ಚಂದಾ ಎತ್ತಿದೆವು. ಆದರೆ ಅಂಗಡಿಯಲ್ಲಿ ನೆನೆದ ಸರಕು, ಕೆಟ್ಟುಹೋದ ಯಂತ್ರಗಳ ನಷ್ಟ ತುಂಬಿಕೊಳ್ಳಲು ಎಷ್ಟೋ ಮಂದಿ ಸಾಲದ ಬಾಗಿಲು ತಟ್ಟಿದರು.

ಆಗಿನಿಂದ ನಮ್ಮನ್ನು ಹಲವರು ಕೇಳುತ್ತಿದ್ದಾರೆ: “ಮೌಲಾನಾ, ವಿಮೆ ಮಾಡಿಸುವುದು ತವಕ್ಕುಲ್‌ಗೆ ವಿರುದ್ಧವಲ್ಲವೇ?”

ಒಂಟೆಯನ್ನು ಬಿಟ್ಟು ಭರವಸೆ ಇಡಲೇ, ಕಟ್ಟಿ ಇಡಲೇ ಎಂದು ಕೇಳಿದವರಿಗೆ ಪ್ರವಾದಿ(ಸ)ರು ಕಟ್ಟಿಯೇ ಅಲ್ಲಾಹನ ಮೇಲೆ ಭರವಸೆ ಇಡುವಂತೆ ಹೇಳಿದರು. ಮುಂಜಾಗ್ರತೆ ಈಮಾನಿಗೆ ವಿರುದ್ಧವಲ್ಲ. ಪ್ರಶ್ನೆ ಇರುವುದು ಆ ಮುಂಜಾಗ್ರತೆಯ ವಿಧಾನದ ಬಗ್ಗೆ. ಅದನ್ನು ತಿಳಿಯಲು ಎರಡು ನಷ್ಟಗಳನ್ನು ಬೇರೆಬೇರೆಯಾಗಿ ನೋಡೋಣ: ನಮ್ಮಿಂದ ಇತರರಿಗೆ ಆಗುವ ನಷ್ಟ, ನಮಗೇ ಆಗುವ ನಷ್ಟ.

ಮೊದಲನೆಯದು ಹುಕೂಕುಲ್ ಇಬಾದ್‌ನ ವಿಷಯ. ನಮ್ಮ ಜಮಾಅತ್‌ನ ಒಬ್ಬ ಹುಡುಗ ಖಾನಾಪುರ ರಸ್ತೆಯಲ್ಲಿ ಬೈಕಿನಿಂದ ಒಬ್ಬ ಕೂಲಿಕಾರರಿಗೆ ಗುದ್ದಿದ. ಅವರ ಕಾಲು ಮುರಿಯಿತು, ದುಡಿಮೆ ನಿಂತಿತು. ಬೈಕಿನ ವಿಮೆ ಮುಗಿದು ನಾಲ್ಕು ತಿಂಗಳಾಗಿತ್ತು. ಪರಿಹಾರ ಕೊಡಲು ಹುಡುಗನ ತಾಯಿ ಬಳೆ ಮಾರಿದರು, ಆದರೂ ಸಾಲಲಿಲ್ಲ. ಒಂದೇ ಅಪಘಾತದಲ್ಲಿ ಎರಡು ಮನೆಗಳು ಕುಸಿದವು.

ಥರ್ಡ್ ಪಾರ್ಟಿ ವಿಮೆ ಇರುವುದು ಇದಕ್ಕಾಗಿಯೇ. ನಮ್ಮ ವಾಹನದಿಂದ ಬೇರೆಯವರಿಗೆ ಆದ ಹಾನಿಯ ಪರಿಹಾರವನ್ನು ಕಂಪನಿ ಕೊಡುತ್ತದೆ. 1988ರ ಮೋಟಾರು ವಾಹನ ಕಾಯ್ದೆಯಂತೆ ಇದು ಕಡ್ಡಾಯ. ಇಲ್ಲದಿದ್ದರೆ ಮೊದಲ ಸಲ 2,000 ರೂಪಾಯಿ ದಂಡ, ಜೈಲೂ ಆಗಬಹುದು. 2018ರ ಸೆಪ್ಟೆಂಬರ್‌ನಿಂದ ಹೊಸ ದ್ವಿಚಕ್ರ ವಾಹನಕ್ಕೆ 5 ವರ್ಷದ, ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ ವಿಮೆ ಕೊಳ್ಳುವಾಗಲೇ ಸಿಗುತ್ತದೆ. ಆ ಅವಧಿ ಮುಗಿದದ್ದೇ ನಮಗೆ ಮರೆತುಹೋಗುತ್ತದೆ. ಇಂದು ಮನೆಗೆ ಹೋಗಿ ಕಾಗದ ತೆಗೆದು ದಿನಾಂಕ ನೋಡಿರಿ. ಇನ್ನೊಂದು ಮಾತು: ಲೈಸೆನ್ಸ್ ಇಲ್ಲದ ಮಗನ ಕೈಗೆ ಬೈಕ್ ಕೊಟ್ಟರೆ, ಕಂಪನಿ ಪರಿಹಾರ ಕೊಟ್ಟರೂ ಆ ಹಣವನ್ನು ಮಾಲೀಕನಿಂದ ವಸೂಲಿ ಮಾಡಬಹುದು.

ಪ್ರವಾದಿ(ಸ)ರ ಕಾಲದಲ್ಲಿ ‘ಆಕಿಲಾ’ ಎಂಬ ಪದ್ಧತಿ ಇತ್ತು. ಯಾರಾದರೂ ತಿಳಿಯದೆ ಒಬ್ಬರ ಪ್ರಾಣಕ್ಕೆ ಕಾರಣನಾದರೆ ದಿಯತ್ ಹಣವನ್ನು ಅವನ ಕುಲದವರೆಲ್ಲ ಸೇರಿ ಕೊಡುತ್ತಿದ್ದರು. ಮದೀನಾದ ಒಪ್ಪಂದದಲ್ಲೂ ಈ ಹೊಣೆಯ ಮಾತಿದೆ. ಇಂದಿನ ವಿಮೆ ಆಕಿಲಾ ಅಲ್ಲ. ಆದರೆ ಪೆಟ್ಟು ತಿಂದವನ ಹಕ್ಕು ಮುಳುಗಬಾರದು ಎಂಬ ಪಾಠ ಅಲ್ಲಿದೆ. ನಮಾಝು, ರೋಝಾಗಳ ರಾಶಿಯೊಂದಿಗೆ ಬಂದರೂ ಇತರರ ಹಕ್ಕು ತಿಂದವನೇ ಕಿಯಾಮತ್ ದಿನದ ದಿವಾಳಿಕೋರ ಎಂದು ಪ್ರವಾದಿ(ಸ)ರು ಎಚ್ಚರಿಸಿದ್ದಾರೆ.

ಎರಡನೆಯದು ನಮ್ಮ ಮನೆ, ಅಂಗಡಿಯ ವಿಮೆ. ಇಲ್ಲಿ ಉಲಮಾಗಳಲ್ಲಿ ಭಿನ್ನಾಭಿಪ್ರಾಯ ಇದೆ. 1985ರಲ್ಲಿ ಜಿದ್ದಾದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿ ವ್ಯಾಪಾರಿ ವಿಮೆಯನ್ನು ಒಪ್ಪಲಿಲ್ಲ, ಪರಸ್ಪರ ಸಹಕಾರದ ವಿಮೆಯನ್ನು ಒಪ್ಪಿತು. ಗಲಭೆಯ ಭಯ, ಅಭದ್ರತೆ ನೋಡಿ ನಮ್ಮ ದೇಶದ ಹಲವು ಉಲಮಾಗಳು ರಿಯಾಯಿತಿ ಕೊಟ್ಟಿದ್ದಾರೆ. ನಿಮ್ಮ ಪರಿಸ್ಥಿತಿಯನ್ನು ಮುಫ್ತಿ ಸಾಹೇಬರ ಮುಂದಿಟ್ಟು ಕೇಳಿರಿ. ಮಾಡಿಸುವವರು ನಾಲ್ಕು ಮಾತು ತಿಳಿದಿರಲಿ.

ಒಂದು, ವಿಮೆ ನಷ್ಟ ತುಂಬುತ್ತದೆ, ಲಾಭ ಕೊಡುವುದಿಲ್ಲ. ಒಂದು ಲಕ್ಷದ ಸರಕು ಸುಟ್ಟು ಎರಡು ಲಕ್ಷ ಬರೆಸಿದರೆ ಅದು ಹರಾಮ್.

ಎರಡು, ಸತ್ಯ ಹೇಳಬೇಕು. ಮಣ್ಣಿನ ಗೋಡೆ ಇದ್ದರೆ, ಮನೆಯಲ್ಲೇ ವ್ಯಾಪಾರ ಇದ್ದರೆ ಮೊದಲೇ ತಿಳಿಸಿರಿ. ಮುಚ್ಚಿಟ್ಟರೆ ಕಷ್ಟಕಾಲದಲ್ಲಿ ಕ್ಲೇಮ್ ಬೀಳುತ್ತದೆ.

ಮೂರು, ಪೂರ್ತಿ ಬೆಲೆಗೆ ಮಾಡಿಸಬೇಕು. 10 ಲಕ್ಷದ ಅಂಗಡಿಗೆ 5 ಲಕ್ಷದ ವಿಮೆ ಮಾಡಿಸಿದವನಿಗೆ 2 ಲಕ್ಷ ನಷ್ಟವಾದರೆ ಸಿಗುವುದು ಸುಮಾರು 1 ಲಕ್ಷ ಮಾತ್ರ.

ನಾಲ್ಕು, ಏನೇನು ಸೇರಿದೆ ಎಂದು ಓದಬೇಕು. 2021ರ ಏಪ್ರಿಲ್‌ನಿಂದ ಬಂದಿರುವ ‘ಭಾರತ್ ಗೃಹ ರಕ್ಷಾ’ ಪಾಲಿಸಿಯಲ್ಲಿ ಬೆಂಕಿ, ಸಿಡಿಲು, ಪ್ರವಾಹ, ಭೂಕುಸಿತ, ಗಲಭೆ ಸೇರಿವೆ. ಆದರೆ ಹಳತಾಗಿ ತಾನೇ ಜೀರ್ಣವಾದ ಗೋಡೆಗೆ ಹಣ ಬರುವುದಿಲ್ಲ. ಕಂಪನಿ ಅನ್ಯಾಯ ಮಾಡಿದರೆ ಮೊದಲು ಅಲ್ಲೇ ಲಿಖಿತ ದೂರು ಕೊಡಿ. ನ್ಯಾಯ ಸಿಗದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಬರೆಯಿರಿ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಕೊನೆಯ ಮಾತು. ಅಶ್ಅರಿ ಕುಲದವರು ಆಹಾರ ಕಡಿಮೆಯಾದಾಗ ಇದ್ದುದನ್ನೆಲ್ಲ ಒಂದೇ ಬಟ್ಟೆಯಲ್ಲಿ ಕೂಡಿಸಿ ಸಮನಾಗಿ ಹಂಚಿಕೊಳ್ಳುತ್ತಿದ್ದರು. ಪ್ರವಾದಿ(ಸ)ರು ಅವರನ್ನು ತಮ್ಮವರೆಂದು ಕರೆದರು. ನೆರೆ ಬಂದ ಮೇಲೆ ಚಂದಾ ಎತ್ತುವ ನಾವು, ಬರುವ ಮೊದಲೇ ಪ್ರತಿ ಮನೆಯಿಂದ ತಿಂಗಳಿಗೆ ಸ್ವಲ್ಪ ಸ್ವಲ್ಪ ಕೂಡಿಸಿ, ಲೆಕ್ಕ ಬರೆದು, ಜಮಾಅತ್‌ನ ನಿಧಿ ಕಟ್ಟಬಾರದೇ? ಇದನ್ನು ಮಸೀದಿ ಕಮಿಟಿಯ ಮುಂದೆ ಇಡುತ್ತೇವೆ. ನೀವೂ ಬನ್ನಿರಿ.

ಅಲ್ಲಾಹನು ನಮ್ಮ ಮನೆ ಮಕ್ಕಳನ್ನು ಆಪತ್ತಿನಿಂದ ಕಾಪಾಡಲಿ. ನಮ್ಮ ಕೈಯಿಂದ ಯಾರ ಹಕ್ಕೂ ಮುಳುಗದಿರಲಿ. ಆಮೀನ್.