ವೃದ್ಧರ ಶುಶ್ರೂಷೆಯಲ್ಲಿ ಕಿರಿಯ ದಾದಿಯರ ಹೊಣೆ

(ವಿಶ್ವ ರೋಗಿಗಳ ದಿನದ ಅಂಗವಾಗಿ ನಮ್ಮ ಧರ್ಮಕೇಂದ್ರದ ಸಭಾಂಗಣದಲ್ಲಿ ಸೇರಿದ್ದ ದಾದಿಯರ ಕೂಟದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನೂರು ವರ್ಷ ತುಂಬಿದ ಧರ್ಮಕೇಂದ್ರದಲ್ಲಿ ಗಂಟೆಗೋಪುರದ ಮಾತು, ಮೊದಲ ಗುರುಗಳ ಮಾತು, ಕಲ್ಲು ಹೊತ್ತು ದೇವಾಲಯ ಕಟ್ಟಿದ ಹಿರಿಯರ ಮಾತು ಬರುವುದು ಸಹಜ. ಅವನ್ನು ನನಗಿಂತ ಚೆನ್ನಾಗಿ ಬಲ್ಲವರು ಹೇಳುತ್ತಾರೆ. 1992ರಲ್ಲಿ ಪೋಪ್ ಎರಡನೆಯ ಜಾನ್ ಪಾಲರು ಲೂರ್ದು ಮಾತೆಯ ಹಬ್ಬದ ದಿನವನ್ನು ವಿಶ್ವ ರೋಗಿಗಳ ದಿನವೆಂದು ಸಾರಿದರು. 1993ರ ಫೆಬ್ರವರಿ 11ರಂದು ಅದರ ಮೊದಲ ಆಚರಣೆ ನಡೆಯಿತು. ಆ ದಿನದ ನೆಪದಲ್ಲಿ ಇಂದು ನಾನು ಒಂದೇ ವಿಷಯವನ್ನು ಎತ್ತಿಕೊಳ್ಳುತ್ತೇನೆ. ಈಗತಾನೇ ಕೆಲಸಕ್ಕೆ ಸೇರಿದ ದಾದಿಯು ತನ್ನ ಕೈಕೆಳಗಿನ ಆಯಾ ರೋಗಿಗೆ ಅಪಾಯವಾಗುವಂತೆ ನಡೆದುಕೊಂಡಾಗ ಏನು ಮಾಡಬೇಕು?

ಇದು ಸಣ್ಣ ವಿಷಯವೆಂದು ತಿಳಿಯಬೇಡಿ. ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಆ ಮೇಲೆ ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳು ಬೆಳೆದವು. ಹೊಟ್ಟೆಬಟ್ಟೆ ಕಟ್ಟಿ ಇಲ್ಲಿ ಮನೆ ಕಟ್ಟಿಕೊಂಡವರು ಇಂದು ಎಂಬತ್ತು, ತೊಂಬತ್ತು ದಾಟಿದ್ದಾರೆ. ಮಕ್ಕಳಲ್ಲಿ ಹಲವರು ಹೊರದೇಶಗಳಲ್ಲಿದ್ದಾರೆ. ಒಂದು ಕಾಲಕ್ಕೆ ಕುಟುಂಬವೊಂದು ಬಾಳಿದ ಮನೆಯಲ್ಲೇ ಈಗ ಹತ್ತು ಹದಿನೈದು ಮಂಚಗಳನ್ನು ಹಾಕಿ ವೃದ್ಧಾಶ್ರಮ ನಡೆಸುತ್ತಿರುವುದನ್ನು ಅಡ್ಡರಸ್ತೆಗಳಲ್ಲಿ ಕಾಣುತ್ತೇವೆ. ಅಲ್ಲಿ ವೈದ್ಯರು ಬಂದು ಹೋಗುವವರು. ಒಬ್ಬಳೋ ಇಬ್ಬರೋ ದಾದಿಯರು. ಉಳಿದಂತೆ ಸ್ನಾನ, ಊಟ, ಮಲಮೂತ್ರ, ಮಗ್ಗುಲು ಬದಲಿಸುವುದು, ಇವೆಲ್ಲ ಆಯಾಗಳ ಕೈಯಲ್ಲಿ. ಒಬ್ಬ ವೃದ್ಧೆಯ ಇಡೀ ದಿನ ಸುಖವಾಗಿ ಕಳೆಯಿತೋ ನರಕವಾಯಿತೋ ಎಂಬುದನ್ನು ನಿರ್ಧರಿಸುವ ಕೈ ಅದು.

ಕೆಲವು ವರ್ಷಗಳ ಹಿಂದಿನ ಒಂದು ಸಂಗತಿಯನ್ನು ಹೇಳುತ್ತೇನೆ. ಸ್ಥಳವನ್ನಾಗಲಿ ಹೆಸರನ್ನಾಗಲಿ ಹೇಳಲಾರೆ. ಇದು ಪಾಪನಿವೇದನೆಯಲ್ಲಿ ಕೇಳಿದ ಮಾತಲ್ಲ; ಹಾಗಿದ್ದಿದ್ದರೆ ನನ್ನ ತುಟಿಗೆ ಬರುತ್ತಲೇ ಇರಲಿಲ್ಲ. ಹೇಳಿದವರೇ ಇತರರಿಗೆ ಉಪಯೋಗವಾಗಲೆಂದು ಅನುಮತಿ ಕೊಟ್ಟಿದ್ದಾರೆ.

ತಿಂಗಳ ಮೊದಲ ಶುಕ್ರವಾರ ಪರಮಪ್ರಸಾದವನ್ನು ತೆಗೆದುಕೊಂಡು ಒಂದು ವೃದ್ಧಾಶ್ರಮಕ್ಕೆ ಹೋಗುತ್ತಿದ್ದೆ. ಎಡಭಾಗ ಸ್ವಾಧೀನ ತಪ್ಪಿದ ಒಬ್ಬ ಅಜ್ಜಿ ಅಲ್ಲಿದ್ದರು. ಒಂದು ಶುಕ್ರವಾರ ಅವರ ತೋಳಿನ ಮೇಲೆ ನೀಲಿಗಟ್ಟಿದ ಗುರುತು ಕಂಡಿತು. ಪಕ್ಕದಲ್ಲಿದ್ದ ಆಯಾಳನ್ನು ಕೇಳಿದೆ. "ವಯಸ್ಸಾದ ಚರ್ಮ ಅಲ್ವಾ ಫಾದರ್, ಮುಟ್ಟಿದರೆ ಸಾಕು ಕಂದುತ್ತೆ" ಎಂದಳು. ಮಾತಿನಲ್ಲಿ ಸತ್ಯವಿತ್ತು, ಮುದಿ ಚರ್ಮ ಬೇಗ ಕಂದುವುದು ನಿಜ. ನಾನು ಆಶೀರ್ವದಿಸಿ ಮುಂದಿನ ಮಂಚಕ್ಕೆ ಹೋದೆ.

ಅಲ್ಲೇ ಔಷಧಿಯ ತಟ್ಟೆ ಹಿಡಿದು ನಿಂತಿದ್ದ ದಾದಿ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಆ ಗುರುತು ಹೇಗೆ ಬಂತೆಂದು ಆಕೆಗೆ ಗೊತ್ತಿತ್ತು. ಆಯಾ ಒಬ್ಬಳೇ, ಸ್ವಾಧೀನವಿಲ್ಲದ ತೋಳಿಗೆ ಕೈಹಾಕಿ, ಅಜ್ಜಿಯನ್ನು ಮಂಚದಿಂದ ಕುರ್ಚಿಗೆ ಎಳೆದು ಕೂರಿಸುತ್ತಿದ್ದಳು. ಒಮ್ಮೆ ಈ ಹುಡುಗಿ ಮೆಲ್ಲಗೆ ಹೇಳಿದ್ದಳಂತೆ. "ನೀನು ಹುಟ್ಟುವ ಮೊದಲಿನಿಂದ ಈ ಕೆಲಸ ಮಾಡ್ತಿದ್ದೀನಿ" ಎಂದು ಉತ್ತರ ಬಂತು. ಆ ಮೇಲೆ ಈಕೆ ಬಾಯಿ ತೆರೆಯಲಿಲ್ಲ. ಎರಡು ವಾರದ ನಂತರ ಹಾಗೆಯೇ ಎತ್ತುವಾಗ ಕಾಲು ಜಾರಿ ಇಬ್ಬರೂ ಬಿದ್ದರು. ಅಜ್ಜಿಯ ಸೊಂಟದ ಮೂಳೆ ಮುರಿಯಿತು. ಮೂರು ತಿಂಗಳಲ್ಲಿ ಅವರು ತೀರಿಕೊಂಡರು. ಅಂತ್ಯಕ್ರಿಯೆಯ ಬಲಿಪೂಜೆಯನ್ನು ಅರ್ಪಿಸಿದವನು ನಾನೇ. ಆ ದಿನ ಸಮಾಧಿಯ ಬಳಿ ದಾದಿ ನನ್ನೊಡನೆ ಎಲ್ಲವನ್ನೂ ಹೇಳಿಕೊಂಡು ಅತ್ತಳು. ನಾನು ಅವಳಿಗೆ ಬುದ್ಧಿ ಹೇಳುವ ಸ್ಥಿತಿಯಲ್ಲಿರಲಿಲ್ಲ. ಅವಳು ಕಂಡು ಸುಮ್ಮನಿದ್ದಳು. ನಾನೂ ಕಂಡಿದ್ದೆ, ಇನ್ನೊಂದು ಪ್ರಶ್ನೆ ಕೇಳಲಿಲ್ಲ.

ಅಂದಿನಿಂದ ಅನುಭವಸ್ಥ ದಾದಿಯರನ್ನೂ ವೈದ್ಯರನ್ನೂ ಕೇಳಿ ತಿಳಿದುಕೊಂಡದ್ದನ್ನು ಈಗ ನಿಮ್ಮ ಮುಂದಿಡುತ್ತೇನೆ.

ಮೊದಲನೆಯದಾಗಿ, ಕಷ್ಟದ ಆಯಾ ಬೇರೆ, ಅಪಾಯದ ಆಯಾ ಬೇರೆ. ತಡವಾಗಿ ಬರುವವಳು, ಎದುರುತ್ತರ ಕೊಡುವವಳು, ಗೊಣಗುವವಳು, ಮೊಬೈಲ್ ಹಿಡಿದು ಕೂರುವವಳು ಕಷ್ಟದವಳು. ಅವಳೊಡನೆ ತಾಳ್ಮೆಯಿಂದ, ದಿನಗಟ್ಟಲೆ ಹೆಣಗಬಹುದು. ಆದರೆ ಮಲಗಿದ ರೋಗಿಯ ಬಾಯಿಗೆ ಗಂಜಿ ಸುರಿಯುವುದು, ಒಬ್ಬಳೇ ಎತ್ತುವುದು, ರಾತ್ರಿ ತನಗೆ ನಿದ್ದೆ ಬೇಕೆಂದು ರೋಗಿಯ ಕೈಯನ್ನು ಮಂಚಕ್ಕೆ ಕಟ್ಟುವುದು, ನೀರಿನ ಬಿಸಿ ನೋಡದೆ ಮೈಗೆ ಹೊಯ್ಯುವುದು, ಒಂದೇ ಕೈಚೀಲದಲ್ಲಿ ಮೂವರನ್ನು ಶುಚಿ ಮಾಡುವುದು, ಬೆನ್ನ ಹುಣ್ಣನ್ನು ಬಟ್ಟೆ ಮುಚ್ಚಿ ಮರೆಸುವುದು, ಇವು ಅಪಾಯಗಳು. ಇಲ್ಲಿ ತಾಳ್ಮೆಗೆ ಎಡೆಯಿಲ್ಲ. ಮಲಗಿ ನುಂಗಿದ ಗಂಜಿ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಿ ಪ್ರಾಣ ಹೋಗಬಹುದು. ಮಗ್ಗುಲು ಬದಲಿಸದ ಮೈಯಲ್ಲಿ ಕೆಲವೇ ಗಂಟೆಗಳಲ್ಲಿ ಹುಣ್ಣಿಗೆ ಬೀಜ ಬೀಳುತ್ತದೆ. ಕಷ್ಟವನ್ನು ಸಹಿಸಿದರೆ ನಷ್ಟ ನಿಮಗೆ. ಅಪಾಯವನ್ನು ಸಹಿಸಿದರೆ ನಷ್ಟ ರೋಗಿಗೆ. ಇನ್ನೊಬ್ಬರ ಮೈಮೇಲಿನ ನೋವನ್ನು ನಾವು ಕ್ಷಮಿಸುವುದು ಔದಾರ್ಯವಾಗಲಾರದು.

ಎರಡನೆಯದು, ಕಂಡ ಕ್ಷಣದಲ್ಲಿ ಮಾಡಬೇಕಾದ ಕೆಲಸ. ವಾದಕ್ಕೆ ಇಳಿಯಬೇಡಿ. "ಅಕ್ಕಾ, ನಿಲ್ಲಿ, ನಾನೂ ಕೈ ಕೊಡುತ್ತೇನೆ" ಎಂದು ನಡುವೆ ಹೋಗಿ. ಈ ಮಾತಿನಲ್ಲಿ ಅವಮಾನವಿಲ್ಲ, ಆದರೆ ಕೆಲಸ ನಿಲ್ಲುತ್ತದೆ. ರೋಗಿಯನ್ನು ಸುರಕ್ಷಿತವಾಗಿ ಮಲಗಿಸಿ, ಮೈ ನೋಡಿ, ಗಾಯವಿದ್ದರೆ ವೈದ್ಯರಿಗೂ ಮೇಲಿನ ದಾದಿಗೂ ಆಗಲೇ ತಿಳಿಸಿ. ರೋಗಿಯ ಮುಂದೆ ಆಯಾಳನ್ನು ಗದರಬೇಡಿ. ನೀವು ಹೊರಟ ಮೇಲೆ ರೋಗಿಯು ಅದೇ ಕೈಗಳಲ್ಲಿ ಉಳಿಯಬೇಕು. ಆ ಕೋಪ ಯಾರ ಮೇಲೆ ತೀರುತ್ತದೆ ಎಂದು ಯೋಚಿಸಿ.

ಮೂರನೆಯದು, ಏಕಾಂತದ ಮಾತು. ಅಂದೇ, ಮರೆಯಲ್ಲಿ, ಕುಳಿತು ಮಾತಾಡಿ. "ಆಕೆ ನನ್ನ ತಾಯಿಯ ವಯಸ್ಸಿನವಳು, ಹೇಗೆ ಹೇಳಲಿ?" ಎಂದು ನಿಮ್ಮಲ್ಲಿ ಹಲವರು ನನ್ನನ್ನು ಕೇಳಿದ್ದೀರಿ. ಅಕ್ಕ ಎನ್ನಿ, ಅಮ್ಮ ಎನ್ನಿ. ಮರ್ಯಾದೆ ಮಾತಿನ ಮೊದಲಲ್ಲಿ ಇರಲಿ, ವಿಷಯದಲ್ಲಿ ರಿಯಾಯಿತಿ ಬೇಡ. ಕಂಡದ್ದನ್ನು ಹೇಳಿ, ಅದರಿಂದ ಏನಾಗಬಹುದೆಂದು ಹೇಳಿ, ಆ ಮೇಲೆ "ಹೀಗೇಕೆ ಮಾಡಬೇಕಾಯಿತು?" ಎಂದು ಕೇಳಿ ಸುಮ್ಮನಾಗಿ. ಉತ್ತರ ನಿಮ್ಮನ್ನು ಬೆರಗುಗೊಳಿಸಬಹುದು. ಹನ್ನೆರಡು ಗಂಟೆಯ ಪಾಳಿ, ಜೊತೆಯವಳು ಬಂದಿಲ್ಲ, ಸೊಂಟನೋವು, ಸಂಬಳದಲ್ಲಿ ಏಜೆನ್ಸಿಯವನ ಪಾಲು, ಊರಿನಲ್ಲಿ ಬಿಟ್ಟುಬಂದ ಮಗುವಿಗೆ ಜ್ವರ. ನೀವು ಮೂರು ವರ್ಷದ ಡಿಪ್ಲೊಮಾವನ್ನೋ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಪದವಿಯನ್ನೋ ಪಡೆದವರು. ಆಕೆಗೆ ಕೆಲವು ತಿಂಗಳ ತರಬೇತಿ ಸಿಕ್ಕಿದ್ದರೆ ಹೆಚ್ಚು. ಅನೇಕರಿಗೆ ಅದೂ ಇಲ್ಲ. ಕಲಿಸದೆ ಇದ್ದುದನ್ನು ತಿಳಿದಿಲ್ಲವೆಂದು ದೂರುವುದು ನ್ಯಾಯವಲ್ಲ. ಹಾಳೆಯ ಮೇಲೆ ಇಬ್ಬರು ಸೇರಿ ಸರಿಸುವುದು ಹೇಗೆ, ಬೆನ್ನು ನೇರ ಕೂರಿಸಿ ಉಣಿಸಿ ಅರ್ಧಗಂಟೆ ಹಾಗೆಯೇ ಇರಿಸುವುದು ಹೇಗೆ ಎಂದು ಜೊತೆಗೆ ನಿಂತು ಮಾಡಿ ತೋರಿಸಿ. ಆಮೇಲೆ ಅವಳು ಮಾಡುವಾಗ ನೋಡಿ. ಅವಳಿಂದ ನೀವು ಕಲಿಯುವುದೂ ಇದೆ. ಯಾವ ಅಜ್ಜ ಯಾವ ಹೊತ್ತಿಗೆ ಮಂಕಾಗುತ್ತಾರೆ, ಯಾರು ಎರಡು ದಿನದಿಂದ ಉಂಡಿಲ್ಲ ಎಂಬುದು ನಿಮ್ಮ ಪುಸ್ತಕಕ್ಕಿಂತ ಮೊದಲು ಅವಳಿಗೆ ತಿಳಿಯುತ್ತದೆ.

ನಾಲ್ಕನೆಯದು, ಕೆಲಸ ವಹಿಸುವ ರೀತಿ. "ಸ್ವಲ್ಪ ನೋಡಿಕೊಳ್ಳಿ" ಎಂಬುದು ಆದೇಶವೇ ಅಲ್ಲ. ಯಾರಿಗೆ, ಏನು, ಯಾವ ಹೊತ್ತಿಗೆ, ಏನು ಕಂಡರೆ ನನ್ನನ್ನು ಕರೆಯಬೇಕು, ಈ ನಾಲ್ಕನ್ನೂ ಹೇಳಿ. ಔಷಧಿ, ಇಂಜೆಕ್ಷನ್, ಮೂಗಿನ ನಳಿಗೆಯ ಆಹಾರ, ಗಾಯದ ಪರೀಕ್ಷೆ, ಇವು ನಿಮ್ಮ ಕೆಲಸ. ಎಷ್ಟೇ ಅವಸರವಿದ್ದರೂ ಆಯಾಳಿಗೆ ದಾಟಿಸಬೇಡಿ. ವಹಿಸಿದ ಮೇಲೂ ಹೊಣೆ ನಿಮ್ಮಲ್ಲೇ ಇರುತ್ತದೆ.

ಐದನೆಯದು ಬರವಣಿಗೆ. ದಿನಾಂಕ, ಗಂಟೆ, ಕಣ್ಣಾರೆ ಕಂಡದ್ದು, ಮಾಡಿದ್ದು, ಯಾರಿಗೆ ತಿಳಿಸಿದ್ದು, ಇಷ್ಟನ್ನು ಅಂದೇ ಬರೆದಿಡಿ. 'ಸೋಮಾರಿ', 'ಕೆಟ್ಟವಳು' ಎಂಬ ವಿಶೇಷಣಗಳು ಬೇಡ. ಅದೇ ತಪ್ಪು ಎರಡನೆಯ ಸಲ ಕಂಡರೆ ಮೇಲಿನವರಿಗೆ ಬರಹದಲ್ಲಿ ಕೊಡಿ. ಹೊಡೆತ, ಕಳವು, ಕಟ್ಟಿಹಾಕುವುದು, ಉದ್ದೇಶಪೂರ್ವಕವಾಗಿ ಅನ್ನನೀರು ಕೊಡದಿರುವುದು, ಇವುಗಳಿಗೆ ಎರಡನೆಯ ಸಲವೆಂಬುದಿಲ್ಲ. ಮೊದಲ ಸಲವೇ ತಿಳಿಸಬೇಕು. ಮೇಲಿನವರು ಕಿವಿಗೊಡದಿದ್ದರೆ ರೋಗಿಯ ಮನೆಯವರಿದ್ದಾರೆ, ಹಿರಿಯ ನಾಗರಿಕರಿಗಾಗಿ 14567 ಎಂಬ ಸಹಾಯವಾಣಿಯಿದೆ. ಕಾನೂನೂ ಸುಮ್ಮನಿಲ್ಲ. ಅಸಹಾಯಕರನ್ನು ನೋಡಿಕೊಳ್ಳುವೆನೆಂದು ಒಪ್ಪಂದ ಮಾಡಿಕೊಂಡು ಬೇಕೆಂದೇ ಕೈಬಿಡುವವರಿಗೆ ಮೂರು ತಿಂಗಳವರೆಗೆ ಸೆರೆವಾಸ, ಇಲ್ಲವೆ 5,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡನ್ನೂ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 357ನೆಯ ಕಲಮು ವಿಧಿಸುತ್ತದೆ.

ಆಶ್ರಮಗಳನ್ನು ನಡೆಸುವವರು ಇಲ್ಲಿ ಯಾರಾದರೂ ಇದ್ದರೆ ಅವರಿಗೊಂದು ಮಾತು. ಇಪ್ಪತ್ತು ಮಂಚಕ್ಕೆ ಇಬ್ಬರು ಆಯಾಗಳನ್ನಿಟ್ಟು, ಇಬ್ಬರು ಸೇರಿ ಎತ್ತಬೇಕೆಂಬ ನಿಯಮವನ್ನು ಗೋಡೆಗೆ ಅಂಟಿಸಿದರೆ ಆ ಕಾಗದ ಸುಳ್ಳು ಹೇಳುತ್ತದೆ. ದೂರು ತಂದ ಕಿರಿಯ ದಾದಿಯನ್ನು 'ಹೊಂದಿಕೊಳ್ಳಲಾರದವಳು' ಎಂದು ಬದಿಗೆ ಸರಿಸುವವರು ಮುಂದಿನ ಅಪಘಾತಕ್ಕೆ ತಾವೇ ಬಾಗಿಲು ತೆರೆದಿಡುತ್ತಾರೆ.

ದಾದಿಯರ ಪಾಲಕರಾದ ಸಂತ ಕಮಿಲ್ಲಸರ ಕತೆಯನ್ನು ಇಲ್ಲಿ ನೆನೆಯಬೇಕು. ಇಟಲಿಯಲ್ಲಿ 1550ರಲ್ಲಿ ಹುಟ್ಟಿದ ಅವರು ಸಿಪಾಯಿ, ಜೂಜುಕೋರ. ಕಾಲಿನ ಹುಣ್ಣಿಗೆ ಮದ್ದು ಹುಡುಕಿ ರೋಮಿನ ಸಂತ ಯಾಕೋಬರ ಆಸ್ಪತ್ರೆಗೆ ಬಂದು, ಅಲ್ಲೇ ಸೇವಕರಾಗಿ ನಿಂತರು. ಅವರ ಜೂಜು ಜಗಳಗಳನ್ನು ತಾಳಲಾರದೆ ಆಸ್ಪತ್ರೆಯವರು ಹೊರಗೆ ಹಾಕಿದರು. ಇಂದಿನ ಮಾತಿನಲ್ಲಿ ಹೇಳುವುದಾದರೆ, ಅವರೇ ಅಪಾಯದ ಆಯಾ! 1575ರಲ್ಲಿ ಮನಸ್ಸು ತಿರುಗಿತು. ಅದೇ ಆಸ್ಪತ್ರೆಗೆ ಮರಳಿ, ಮುಂದೆ ಅದರ ಮೇಲ್ವಿಚಾರಕರೇ ಆದರು. ಕೂಲಿಯ ಸೇವಕರು ರೋಗಿಗಳನ್ನು ಕಡೆಗಣಿಸುವುದನ್ನು ಕಂಡು ನೊಂದು, ಪ್ರೀತಿಯಿಂದ ಶುಶ್ರೂಷೆ ಮಾಡುವವರ ಕೂಟವೊಂದನ್ನು ಕಟ್ಟಬೇಕೆಂದು 1582ರಲ್ಲಿ ನಿಶ್ಚಯಿಸಿದರು. ಈ ಕತೆ ನಮಗೆ ಎರಡು ಮಾತು ಹೇಳುತ್ತದೆ: ಕಡೆಗಣನೆಯನ್ನು ಕಂಡು ಸುಮ್ಮನಿರಬಾರದು, ಕಡೆಗಣಿಸಿದವನು ಬದಲಾಗಲಾರನೆಂದೂ ತೀರ್ಮಾನಿಸಬಾರದು.

ಒಳ್ಳೆಯ ಸಮಾರಿಯದವನ ಸಾಮತಿಯನ್ನು ನಾವೆಲ್ಲ ಬಲ್ಲೆವು. ಆದರೆ ಗಾಯಗೊಂಡವನು ಆ ರಾತ್ರಿಯ ನಂತರ ಇದ್ದುದು ಯಾರ ಕೈಯಲ್ಲಿ? ಹಣ ಪಡೆದ ಛತ್ರದವನ ಕೈಯಲ್ಲಿ. ಸಮಾರಿಯದವನು ಎರಡು ನಾಣ್ಯ ಕೊಟ್ಟು, ನೋಡಿಕೊಳ್ಳೆಂದು ಹೇಳಿ, ತಾನು ಮತ್ತೆ ಬರುವೆನೆಂದೂ ಮಾತು ಕೊಟ್ಟ. ಕೂಲಿಯ ಕೈಯನ್ನು ಅವನು ಹೀಗಳೆಯಲಿಲ್ಲ. ಅದಕ್ಕೆ ಬೇಕಾದುದನ್ನು ಕೊಟ್ಟ, ಮರಳಿ ಬರುವ ಹೊಣೆಯನ್ನೂ ಹೊತ್ತ. ದಾದಿಗೂ ಆಯಾಳಿಗೂ ಇರಬೇಕಾದ ಸಂಬಂಧ ಇಷ್ಟರಲ್ಲೇ ಇದೆ.

ನಮ್ಮ ನಗರಕ್ಕೆ ಈ ಪರಂಪರೆ ಹೊಸದಲ್ಲ. ಗುಡ್ ಶೆಪರ್ಡ್ ಸಭೆಯ ಧರ್ಮಭಗಿನಿಯರು 1886ರಲ್ಲಿ ಸಂತ ಮಾರ್ತರ ಆಸ್ಪತ್ರೆಯನ್ನು ಆರಂಭಿಸಿದರು. ಕುರುಡಿಯಾದ ಮುದುಕಿಯೊಬ್ಬಳನ್ನು 1839ರಲ್ಲಿ ತನ್ನ ಹಾಸಿಗೆಯಲ್ಲೇ ಮಲಗಿಸಿಕೊಂಡ ಸಂತ ಜಾನ್ ಜುಗಾನರ ಭಗಿನಿಯರು ಹೊಸೂರು ರಸ್ತೆಯಲ್ಲಿ ವೃದ್ಧರ ಮನೆ ನಡೆಸುತ್ತ ಬಂದಿದ್ದಾರೆ. ನಾವು ಅವರಷ್ಟು ಮಾಡಲಾರೆವು. ಒಂದು ಪ್ರಶ್ನೆಯನ್ನಂತೂ ಕೇಳಬಲ್ಲೆವು. ಆಶ್ರಮದಲ್ಲಿರುವ ನಿಮ್ಮ ತಾಯಿತಂದೆಯರನ್ನು ನೋಡಲು ಹೋದಾಗ ಹಣ್ಣಿನ ಚೀಲ ಇಟ್ಟು ಹೊರಡಬೇಡಿ. ಬೆನ್ನು ನೋಡಿ, ತೋಳು ನೋಡಿ, ಆಯಾಳ ಹೆಸರು ಕೇಳಿ, ಅವಳು ಊಟ ಮಾಡಿದಳೇ ಎಂದೂ ಕೇಳಿ.

ನಾನು ಈಗಲೂ ಮೊದಲ ಶುಕ್ರವಾರಗಳಂದು ಹೋಗುತ್ತೇನೆ. ಗುರುತು ಕಂಡರೆ ಎರಡನೆಯ ಪ್ರಶ್ನೆ ಕೇಳದೆ ಮುಂದಿನ ಮಂಚಕ್ಕೆ ಹೋಗುವುದಿಲ್ಲ. ಆ ದಾದಿಯೂ ಕೆಲಸ ಬಿಡಲಿಲ್ಲ. ಇಂದು ಹೊಸಬರಿಗೆ ಎತ್ತುವುದನ್ನು ಅವಳೇ ಕಲಿಸುತ್ತಾಳೆ. ನಿಮ್ಮ ಮೊದಲ ವರ್ಷದಲ್ಲಿ ದನಿ ನಡುಗಿದರೆ ನಡುಗಲಿ. ಆದರೆ ಮಾತು ಹೊರಗೆ ಬರಲಿ. ದೇವರು ನಿಮ್ಮ ಕೈಗಳನ್ನೂ, ನಿಮ್ಮ ಜೊತೆ ದುಡಿಯುವ ಆ ತಾಯಂದಿರ ಕೈಗಳನ್ನೂ ಆಶೀರ್ವದಿಸಲಿ.